‘ಯಾವುದನ್ನೂ ನಂಬಬೇಡಿ’ ಎಂಬ ಕೆಟ್ಟ ಪಾಠ

ಪ್ರತಿ ವರ್ಷ ಜುಲೈ 1ಕ್ಕೆ ಮಂಗಳೂರಿನ ಕಾಲೇಜುಗಳಲ್ಲಿ ಪತ್ರಿಕಾ ದಿನಾಚರಣೆ. 1843ರ ಅದೇ ದಿನ ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಇದೇ ಊರಿನಿಂದ ಕಲ್ಲಚ್ಚಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ. ಕನ್ನಡದ ಮೊದಲ ಪತ್ರಿಕೆ ಹುಟ್ಟಿದ ಊರೆಂಬ ಹೆಮ್ಮೆ ಹಾಗೆ ನಮ್ಮದಾಯಿತು. ಆ ಹೆಮ್ಮೆಯ ಬಗ್ಗೆ ಸ್ವಲ್ಪ ಹೊತ್ತು ಮಾತಾಡಿ ಅತಿಥಿಗಳು ಈಚಿನ ವರ್ಷಗಳ ಖಾಯಂ ವಿಷಯಕ್ಕೆ ಬರುತ್ತಾರೆ: ಸುಳ್ಳು ಸುದ್ದಿಯ ಪಿಡುಗು. ನೆರೆನೀರು ತುಂಬಿದ ಹೆದ್ದಾರಿಯಲ್ಲಿ ಶಾರ್ಕ್ ಈಜುವ ಚಿತ್ರ ಪರದೆಯ ಮೇಲೆ ಮೂಡುತ್ತದೆ. ಚಿತ್ರದ ಮೂಲವನ್ನು ಗೂಗಲ್‌ನಲ್ಲಿ ಹುಡುಕುವುದು ಹೇಗೆ, ಕಾಗುಣಿತ ತಪ್ಪಿದ್ದರೆ ಏಕೆ ಎಚ್ಚರ ಬೇಕು, ಲೋಗೋ ಅಸಲಿಯೋ ನಕಲಿಯೋ ಎಂದು ನೋಡುವುದು ಹೇಗೆ ಎಂದೆಲ್ಲ ವಿವರಿಸಿ, ಕೊನೆಯ ಸ್ಲೈಡಿನಲ್ಲಿ ದಪ್ಪ ಅಕ್ಷರದ ಉಪದೇಶ: ಯಾವುದನ್ನೂ ನಂಬಬೇಡಿ, ಎಲ್ಲವನ್ನೂ ಪ್ರಶ್ನಿಸಿ. ಚಪ್ಪಾಳೆ, ಶಾಲು, ಸ್ಮರಣಿಕೆ, ಗ್ರೂಪ್ ಫೋಟೋ. ಮರುದಿನ ಪತ್ರಿಕೆಯಲ್ಲಿ ‘ವಿದ್ಯಾರ್ಥಿಗಳು ಸುದ್ದಿಯನ್ನು ಪರಿಶೀಲಿಸಬೇಕು’ ಎಂಬ ವರದಿ. ಅದನ್ನು ಬರೆದು ಕಳಿಸಿದ್ದು ಕಾಲೇಜೇ.

ನನ್ನ ತಕರಾರು ಆ ಕೊನೆಯ ಸ್ಲೈಡಿನ ಬಗ್ಗೆ. ನಮ್ಮ ಮಕ್ಕಳು ಮುಗ್ಧರು, ಕಂಡದ್ದನ್ನೆಲ್ಲ ನಂಬುತ್ತಾರೆ, ಆದ್ದರಿಂದ ಅವರಿಗೆ ಅನುಮಾನ ಕಲಿಸಬೇಕು ಎಂಬುದು ಈಗ ಪ್ರಾಂಶುಪಾಲರಿಂದ ಪೊಲೀಸ್ ಕಮಿಷನರ್‌ವರೆಗೆ ಎಲ್ಲರೂ ಒಪ್ಪಿಕೊಂಡಿರುವ ಮಾತು. ಇದು ತಪ್ಪು. ಹಂಪನಕಟ್ಟೆಯಲ್ಲಿ ಬಸ್ಸಿಗೆ ಕಾಯುತ್ತಿರುವ ಯಾವ ಡಿಗ್ರಿ ಹುಡುಗನನ್ನಾದರೂ ಪತ್ರಿಕೆಗಳ ಬಗ್ಗೆ ಕೇಳಿ ನೋಡಿ. “ಎಲ್ಲ ಮಾರಿಕೊಂಡವರೇ ಮಾರ್ರೆ” ಎನ್ನುತ್ತಾನೆ. ಈ ಪೇಪರು ಆ ಪಕ್ಷದ್ದು, ಆ ಚಾನೆಲ್ಲು ಈ ಜಾತಿಯವರದ್ದು, ಆ ಪೋರ್ಟಲ್ಲು ಇಂಥ ಧರ್ಮದವರದ್ದು ಎಂಬ ಪಟ್ಟಿ ಅವನಿಗೆ ಬಾಯಿಪಾಠ. ಅವನಲ್ಲಿ ಅನುಮಾನಕ್ಕೆ ಬರವೇ ಇಲ್ಲ. ಎಲ್ಲರೂ ಸುಳ್ಳರೆಂದು ಒಮ್ಮೆ ತೀರ್ಮಾನವಾದ ಮೇಲೆ ನಮ್ಮವರ ಸುಳ್ಳನ್ನು ನಂಬುವುದಕ್ಕೆ ಸಂಕೋಚವೂ ಉಳಿಯುವುದಿಲ್ಲ. ಕರಾವಳಿಯಲ್ಲಿ ಹಬ್ಬಿದ ದ್ವೇಷದ ಸುದ್ದಿಗಳನ್ನು ದಾಟಿಸಿದವರಲ್ಲಿ ಹೆಚ್ಚಿನವರು ಪತ್ರಿಕೆಯನ್ನು ನಂಬದವರು, ಪೊಲೀಸರನ್ನು ನಂಬದವರು, ‘ನಿಜ ಏನೆಂದು ನಮಗೆ ಗೊತ್ತುಂಟು’ ಎನ್ನುವವರು. ಅವರು ಆ ಸ್ಲೈಡಿನ ಆಜ್ಞೆಯನ್ನು ಅಕ್ಷರಶಃ ಪಾಲಿಸಿದವರೇ.

ಹಾಗಾದರೆ ನಮ್ಮ ಹುಡುಗರಿಗೆ ಪರಿಶೀಲನೆ ಬರುವುದೇ ಇಲ್ಲವೇ? ಚೆನ್ನಾಗಿ ಬರುತ್ತದೆ. ಮಳೆಗಾಲದ ರಜೆ ನೋಡಿ. ಜೂನ್, ಜುಲೈಯಲ್ಲಿ ರಾತ್ರಿ ಮಳೆ ಜೋರಾದರೆ ಸಾಕು, ‘ನಾಳೆ ಶಾಲಾ ಕಾಲೇಜುಗಳಿಗೆ ರಜೆ’ ಎಂಬ ಜಿಲ್ಲಾಧಿಕಾರಿಗಳ ಆದೇಶದ ಪ್ರತಿ ಮೊಬೈಲಿಂದ ಮೊಬೈಲಿಗೆ ಹಾರುತ್ತದೆ. ಹಳೆಯ ಆದೇಶದ ದಿನಾಂಕ ತಿದ್ದಿದ ನಕಲಿಗಳು ಎಷ್ಟು ಹಬ್ಬಿವೆಯೆಂದರೆ, ಜಿಲ್ಲಾಡಳಿತ ‘ಇದು ಸುಳ್ಳು, ನಾಳೆ ರಜೆ ಇಲ್ಲ’ ಎಂದು ಮತ್ತೆ ಮತ್ತೆ ಸಾರಬೇಕಾಗಿದೆ. ಈಗ ಎಂಟನೇ ತರಗತಿಯ ಒಬ್ಬಳು ಹುಡುಗಿ ಈ ಪ್ರತಿಯನ್ನು ಹೇಗೆ ನೋಡುತ್ತಾಳೆಂದು ಗಮನಿಸಿ. ಆದೇಶ ಇಡೀ ಜಿಲ್ಲೆಗೋ ತಾಲೂಕಿಗೋ? ತಾಲೂಕಿಗಾದರೆ ನಮ್ಮದು ಮಂಗಳೂರೋ ಉಳ್ಳಾಲವೋ ಮೂಲ್ಕಿಯೋ? ಅಂಗನವಾಡಿಯಿಂದ ಎಸ್ಸೆಸ್ಸೆಲ್ಸಿವರೆಗೋ, ಪಿಯುಸಿಯೂ ಸೇರಿದೆಯೋ? ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟಿದೆಯೋ ಆರೆಂಜೋ? ಕ್ಲಾಸ್ ಟೀಚರ್ ಗ್ರೂಪಿನಲ್ಲಿ ಏನಾದರೂ ಹಾಕಿದ್ದಾರೋ? ಐದು ನಿಮಿಷದಲ್ಲಿ ಅವಳಿಗೆ ಉತ್ತರ ಸಿಕ್ಕಿರುತ್ತದೆ, ಅದೂ ಹೆಚ್ಚಿನ ಸಲ ಸರಿಯಾದ ಉತ್ತರ. ರಜೆ ಬೇಕೆಂಬ ಆಸೆ ಅವಳಿಗೆ ಎಷ್ಟಿದ್ದರೂ ಆ ಆಸೆಗೆ ಅವಳು ಬಲಿಯಾಗುವುದಿಲ್ಲ. ಮರುದಿನ ಹಾಜರಿ ತಪ್ಪಿದರೆ ಪೆಟ್ಟು ಬೀಳುವುದು ಅವಳಿಗೇ ತಾನೆ.

ಯಾವ ಕಾರ್ಯಾಗಾರವೂ ಅವಳಿಗೆ ಇದನ್ನು ಕಲಿಸಲಿಲ್ಲ. ರಜೆಯ ಆದೇಶ ಎಲ್ಲಿ ಹುಟ್ಟುತ್ತದೆ, ಯಾರ ಸಹಿಯಿಂದ ಜಾರಿಯಾಗುತ್ತದೆ, ಯಾವ ದಾರಿಯಲ್ಲಿ ಶಾಲೆಗೆ ಬರುತ್ತದೆ ಎಂಬುದು ಅವಳಿಗೆ ಗೊತ್ತು, ಅಷ್ಟೆ. ಯಂತ್ರ ಗೊತ್ತಿದ್ದಲ್ಲಿ ಹನ್ನೆರಡು ಹದಿಮೂರರ ಮಗುವೂ ಸುದ್ದಿಯ ಮೂಲ ಹಿಡಿಯುತ್ತದೆ. ಯಂತ್ರ ಗೊತ್ತಿಲ್ಲದಲ್ಲಿ ಎಂಎ ಮುಗಿಸಿದವರೂ ಲೋಗೋ ನೋಡುತ್ತ ಕೂರುತ್ತಾರೆ. ಅದೇ ಹುಡುಗಿಗೆ ಎಫ್ಐಆರ್ ಎಂದರೇನು, ಯಾರು ಬರೆಸಿದ್ದು ಅದರಲ್ಲಿರುತ್ತದೆ, ಆರೋಪಪಟ್ಟಿಗೂ ಅದಕ್ಕೂ ಏನು ಅಂತರ, ಮರಣೋತ್ತರ ಪರೀಕ್ಷೆಯ ವರದಿ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂದು ಯಾರೂ ಹೇಳಿಕೊಟ್ಟಿಲ್ಲ. ನಮ್ಮ ಊರಿನ ದೊಡ್ಡ ಸುದ್ದಿಗಳೆಲ್ಲ ಇರುವುದು ಈ ಕಾಗದಗಳಲ್ಲೇ.

ಕುಡುಪುವಿನ ಪ್ರಕರಣವನ್ನೇ ತೆಗೆದುಕೊಳ್ಳಿ. 2025ರ ಏಪ್ರಿಲ್ 27ರಂದು ನಗರದ ಹೊರವಲಯದ ಕುಡುಪುವಿನಲ್ಲಿ, ಕ್ರಿಕೆಟ್ ಪಂದ್ಯ ನಡೆಯುತ್ತಿದ್ದ ಮೈದಾನದ ಬಳಿ, ಕೇರಳ ಮೂಲದ ಒಬ್ಬನನ್ನು ಗುಂಪು ಹೊಡೆದು ಕೊಂದಿತು. ಮೊದಲು ಪೊಲೀಸರು ದಾಖಲಿಸಿದ್ದು ಅಸ್ವಾಭಾವಿಕ ಸಾವು ಎಂದು. ಮರಣೋತ್ತರ ಪರೀಕ್ಷೆಯಲ್ಲಿ ಪೆಟ್ಟುಗಳು ಕಂಡ ಮೇಲೆ ಅದು ಕೊಲೆ ಪ್ರಕರಣವಾಯಿತು, ಸಾಲು ಸಾಲು ಬಂಧನಗಳಾದವು, ಕರ್ತವ್ಯಲೋಪಕ್ಕಾಗಿ ಮೂವರು ಪೊಲೀಸರು ಅಮಾನತಾದರು. ಈ ನಡುವೆ ಒಂದು ಮಾತು ಊರೆಲ್ಲ ಹರಿದಾಡಿತ್ತು: ಸತ್ತವನು ‘ಪಾಕಿಸ್ತಾನ್ ಜಿಂದಾಬಾದ್’ ಎಂದು ಕೂಗಿದ್ದನಂತೆ. ರಾಜ್ಯದ ಗೃಹ ಸಚಿವರೇ ಮಾಧ್ಯಮದ ಮುಂದೆ ಅದನ್ನು ಹೇಳಿದರು. ಆಮೇಲೆ, ಅದು ತಮ್ಮ ಹೇಳಿಕೆಯಲ್ಲ, ಪ್ರಕರಣದಲ್ಲಿ ಸಿಕ್ಕಿಬಿದ್ದವರು ಹೇಳಿದ್ದು ಎಂದು ಸ್ಪಷ್ಟನೆ ಕೊಟ್ಟರು.

ಈಗ ಕಾರ್ಯಾಗಾರದ ಪಟ್ಟಿಯನ್ನು ಈ ಸುದ್ದಿಗೆ ಹಚ್ಚಿ ನೋಡಿ. ಹೇಳಿದವರು ಯಾರು? ಗೃಹ ಸಚಿವರು. ಅಧಿಕೃತ ಮೂಲವೇ? ಇದಕ್ಕಿಂತ ಅಧಿಕೃತ ಯಾವುದು? ವಿಡಿಯೊ ಅಸಲಿಯೇ? ಅಸಲಿಯೇ. ಬೇರೆ ಮಾಧ್ಯಮಗಳಲ್ಲೂ ಬಂದಿದೆಯೇ? ಎಲ್ಲದರಲ್ಲೂ ಬಂದಿದೆ. ಕಾಗುಣಿತ ಸರಿಯಿದೆಯೇ? ಸರಿಯಿದೆ. ನೂರಕ್ಕೆ ನೂರು ಅಂಕ! ಆದರೆ ಕೇಳಬೇಕಿದ್ದ ಪ್ರಶ್ನೆ ಪಟ್ಟಿಯಲ್ಲಿ ಇರಲೇ ಇಲ್ಲ. ಸಚಿವರು ಮೈದಾನದಲ್ಲಿ ಇರಲಿಲ್ಲ, ಹಾಗಾದರೆ ಅವರಿಗೆ ಇದು ಗೊತ್ತಾದದ್ದು ಯಾರಿಂದ? ಆ ಎಳೆ ಹಿಡಿದು ಹೋದರೆ ತಲುಪುವುದು ಹೊಡೆದ ಆರೋಪ ಹೊತ್ತವರ ಬಳಿಗೆ. ಕೂಗಿದ್ದನೆಂದು ಸಾಬೀತಾದರೆ ಲಾಭ ಯಾರಿಗೋ ಅವರೇ ಮಾತಿನ ಮೂಲ. ತನ್ನ ಕಡೆಯದನ್ನು ಹೇಳಬೇಕಾದವನು ಶವಾಗಾರದಲ್ಲಿ. ತುಳುವಿನಲ್ಲಿ ನಮ್ಮ ಅಜ್ಜಿಯರು ಯಾವ ಗುಲ್ಲು ಕೇಳಿದರೂ ‘ಏರ್ ಪಂಡಿನಿ?’ ಎಂದು ಎದುರು ಕೇಳುತ್ತಿದ್ದರು, ಯಾರು ಹೇಳಿದ್ದು ಎಂದು. ಒಂದು ಹೆಸರು ಹೇಳಿದರೆ ಬಿಡುತ್ತಿರಲಿಲ್ಲ, ಅವರಿಗೆ ಯಾರು ಹೇಳಿದ್ದಂತೆ ಎಂದು ಮುಂದುವರಿಯುತ್ತಿದ್ದರು. ಅಜ್ಜಿಯ ಈ ವಿಚಾರಣೆ ಸ್ಲೈಡುಗಳಲ್ಲಿ ಜಾಗ ಪಡೆದಿಲ್ಲ.

ಇದೇ ಪ್ರಕರಣ ಇನ್ನೊಂದನ್ನೂ ಹೇಳುತ್ತದೆ. ಮೊದಲ ಪೊಲೀಸ್ ದಾಖಲೆ ತಪ್ಪು ದಾರಿಯಲ್ಲಿತ್ತು, ಅದನ್ನು ಸರಿದಾರಿಗೆ ತಂದದ್ದು ಮರಣೋತ್ತರ ಪರೀಕ್ಷೆ. ಅಂದರೆ ಸರಕಾರದ ಒಂದು ಕಾಗದವನ್ನು ಸರಕಾರದ್ದೇ ಇನ್ನೊಂದು ಕಾಗದ ತಿದ್ದಿತು. ‘ಯಾವುದನ್ನೂ ನಂಬಬೇಡಿ’ ಎನ್ನುವವನಿಗೆ ಈ ಎರಡು ಕಾಗದಗಳೂ ಒಂದೇ. ‘ಸರಕಾರದ್ದನ್ನೇ ನಂಬಿ’ ಎನ್ನುವವನಿಗೂ ಒಂದೇ. ಠಾಣೆಯಲ್ಲಿ ಕೂತವನ ತೀರ್ಮಾನಕ್ಕೂ ದೇಹವನ್ನು ತೆರೆದು ನೋಡಿದ ವೈದ್ಯರ ಬರಹಕ್ಕೂ ಇರುವ ವ್ಯತ್ಯಾಸ ಗೊತ್ತಿದ್ದವನು ಮಾತ್ರ ಯಾವುದನ್ನು, ಎಷ್ಟರ ಮಟ್ಟಿಗೆ, ಯಾವ ಪ್ರಶ್ನೆಗೆ ನಂಬಬೇಕು ಎಂದು ಹೇಳಬಲ್ಲ. ಮಕ್ಕಳಿಗೆ ಕಲಿಸಬೇಕಾದ್ದು ಇದನ್ನು. ನಂಬುವುದನ್ನು ಕಲಿಸಬೇಕು, ಅಳೆದು ನಂಬುವುದನ್ನು.

ಒಂದು ಗಂಟೆಯ ಪಾಠದಿಂದ ಏನಾಗುತ್ತದೆ ಎಂಬುದನ್ನು ಅಳೆದು ನೋಡಿದವರೂ ಇದ್ದಾರೆ. 2019ರ ಚುನಾವಣೆಯ ಹೊತ್ತಿಗೆ ಸಂಶೋಧಕಿ ಸುಮಿತ್ರಾ ಬದರೀನಾಥನ್ ಬಿಹಾರದಲ್ಲಿ 1,224 ಜನರನ್ನು ಆಯ್ದುಕೊಂಡು, ಅವರಲ್ಲಿ ಒಂದು ಪಾಲಿಗೆ ಸುಳ್ಳು ಸುದ್ದಿ ಗುರುತಿಸುವ ಬಗೆಯನ್ನು ಮನೆಗೇ ಹೋಗಿ ಸುಮಾರು ಒಂದು ಗಂಟೆ ಹೇಳಿಕೊಡಿಸಿದರು. ಒಟ್ಟಾರೆ ಪರಿಣಾಮ ಸೊನ್ನೆ. ಆಳುವ ಪಕ್ಷದ ಬೆಂಬಲಿಗರಂತೂ ತಮ್ಮ ಪಕ್ಷಕ್ಕೆ ಹಿತವಾದ ಸುಳ್ಳುಗಳನ್ನು ಪಾಠದ ನಂತರ ಮೊದಲಿಗಿಂತ ಕಡಿಮೆ ಗುರುತಿಸಿದರು. ಮುಂದೆ ಅದೇ ಸಂಶೋಧಕಿ, ಸಂಗಡಿಗರ ಜೊತೆ, ಬಿಹಾರ ಸರಕಾರದ ನೆರವಿನಿಂದ 13,000ಕ್ಕೂ ಹೆಚ್ಚು ಹದಿಹರೆಯದ ವಿದ್ಯಾರ್ಥಿಗಳ ನಡುವೆ ಪ್ರಯೋಗ ಮಾಡಿದರು. ಈ ಸಲ ತರಗತಿಯ ರೂಪ, 14 ವಾರಗಳಲ್ಲಿ ಹರಡಿದ ಪಾಠ. ಮಕ್ಕಳು ಸುದ್ದಿಯನ್ನು ಜರಡಿ ಹಿಡಿಯುವುದರಲ್ಲಿ ನಿಜಕ್ಕೂ ಸುಧಾರಿಸಿದರು, ನಾಲ್ಕು ತಿಂಗಳ ನಂತರವೂ ಆ ಸುಧಾರಣೆ ಉಳಿದಿತ್ತು. ಸೌಲಭ್ಯದಲ್ಲಿ ನಮಗಿಂತ ಹಿಂದೆ ಎಂದು ನಾವು ಮೂಗು ಮುರಿಯುವ ಬಿಹಾರದ ಹಳ್ಳಿಗಳಲ್ಲಿ ಇದು ಆಯಿತು. ಬೀದಿಗೊಂದು ಕಾಲೇಜಿರುವ ಮಂಗಳೂರು ಇನ್ನೂ ಜುಲೈ 1ರ ಮಧ್ಯಾಹ್ನದ ಒಂದು ಗಂಟೆಯಲ್ಲೇ ಇದೆ.

ಪುಟವನ್ನು ಸೂಕ್ಷ್ಮವಾಗಿ ಪರೀಕ್ಷಿಸಿ ಎಂಬ ಸಲಹೆಯೂ ಅಷ್ಟೇ ಪೊಳ್ಳು. ಸ್ಟ್ಯಾನ್‌ಫರ್ಡಿನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಇತಿಹಾಸದ ವಿದ್ವಾಂಸರು, ಅದೇ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮತ್ತು ವೃತ್ತಿಪರ ಫ್ಯಾಕ್ಟ್ ಚೆಕರ್‌ಗಳಿಗೆ ಒಂದೇ ಬಗೆಯ ಜಾಲತಾಣಗಳನ್ನು ಕೊಟ್ಟು ನೋಡಿದರು. ವಿದ್ವಾಂಸರಲ್ಲೂ ವಿದ್ಯಾರ್ಥಿಗಳಲ್ಲೂ ಬಹಳಷ್ಟು ಮಂದಿ ಪುಟದಲ್ಲೇ ಕೂತು, ಮೇಲಿಂದ ಕೆಳಗೆ ಶ್ರದ್ಧೆಯಿಂದ ಓದಿ, ಅಂದವಾದ ಲೋಗೋಗೆ ಮರುಳಾದರು. ಫ್ಯಾಕ್ಟ್ ಚೆಕರ್‌ಗಳು ಕ್ಷಣದಲ್ಲಿ ಆ ಪುಟ ಬಿಟ್ಟು, ಇವರು ಯಾರು ಎಂದು ಬೇರೆ ಕಡೆ ವಿಚಾರಿಸಿದರು. ಅಜ್ಜಿಯ ವಿಧಾನವೇ ಇದು.

ನಮ್ಮ ಊರಿನ ಸುಳ್ಳು ಬರುವ ವೇಷದ ಬಗ್ಗೆಯೂ ಕಾರ್ಯಾಗಾರಗಳಿಗೆ ಅಂದಾಜಿಲ್ಲ. ಇಲ್ಲಿನ ಕುಟುಂಬದ ಗ್ರೂಪುಗಳಲ್ಲಿ ಕೆಟ್ಟ ಸುದ್ದಿ ಹೆಚ್ಚಾಗಿ ಬರುವುದು ಧ್ವನಿ ಸಂದೇಶವಾಗಿ, ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ. ಪರಿಚಿತ ಭಾಷೆ, ಗಾಬರಿಯ ಸ್ವರ, ‘ನನ್ನ ಭಾವನೇ ಅಲ್ಲಿ ಇದ್ದದ್ದು’ ಎಂಬ ಒಂದು ವಾಕ್ಯ. ಅದಕ್ಕೆ ಚಿತ್ರವಿಲ್ಲ, ಲಿಂಕಿಲ್ಲ, ಕಾಗುಣಿತವಿಲ್ಲ. ಗೂಗಲ್ ಅದನ್ನು ಹುಡುಕಿಕೊಡಲಾರದು, ದಿಲ್ಲಿಯ ಫ್ಯಾಕ್ಟ್ ಚೆಕ್ ಸಂಸ್ಥೆಗಳಿಗೆ ಅದು ಕೇಳಿಸುವುದೂ ಇಲ್ಲ. ಶಾರ್ಕಿನ ಚಿತ್ರ ತೋರಿಸಿ ಏನು ಉಪಯೋಗ?

ಕೆಲವು ಸಲ ಸರಿಯಾದ ಉತ್ತರ ‘ಇನ್ನೂ ಗೊತ್ತಿಲ್ಲ’ ಎಂಬುದೇ ಆಗಿರುತ್ತದೆ, ಅದನ್ನು ಹೇಳಲು ಧೈರ್ಯ ಬೇಕು. 2020ರ ಜನವರಿ 20ರಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ಸ್ಫೋಟಕವಿದ್ದ ಚೀಲ ಸಿಕ್ಕಿತು. ಇಟ್ಟವನು ಯಾರೆಂದು ತನಿಖಾಧಿಕಾರಿಗಳೇ ಹುಡುಕುತ್ತಿದ್ದಾಗ ಮೊಬೈಲುಗಳಲ್ಲಿ ತೀರ್ಪು ಬಂದಾಗಿತ್ತು, ಆರೋಪಿಯ ಧರ್ಮವೂ ಸೇರಿ. ಜನವರಿ 22ರಂದು ಉಡುಪಿ ಕಡೆಯವನೊಬ್ಬ ಬೆಂಗಳೂರಿನಲ್ಲಿ ಪೊಲೀಸರಿಗೆ ಶರಣಾದ. ಊಹಿಸಿದ್ದವರು ಊಹಿಸಿದ ಧರ್ಮದವನಾಗಿರಲಿಲ್ಲ. 2022ರ ನವೆಂಬರ್ 19ರಂದು ಆಟೋರಿಕ್ಷಾದಲ್ಲಿ ಕುಕ್ಕರ್ ಸ್ಫೋಟಿಸಿದಾಗ ಪ್ರಯಾಣಿಕನ ಬಳಿ ಸಿಕ್ಕಿದ ಆಧಾರ್ ಕಾರ್ಡಿನಲ್ಲಿದ್ದುದು ಘಟನೆಗೆ ಸಂಬಂಧವೇ ಇಲ್ಲದ ಇನ್ನೊಬ್ಬರ ಹೆಸರು. ಆ ಸಂಜೆ ‘ದಾಖಲೆ ಸಮೇತ’ ಸುದ್ದಿ ಹಂಚಿದವನೂ ತಪ್ಪು ಮನುಷ್ಯನನ್ನೇ ಹಂಚುತ್ತಿದ್ದ. ಒಂದು ಸಲ ಊಹೆ ಸುಳ್ಳಾಯಿತು, ಇನ್ನೊಂದು ಸಲ ಕೆಲವರ ಊಹೆ ನಿಜವಾಯಿತು. ಊಹೆ ನಿಜವಾದ ಸಲವೂ ಅವರಿಗೆ ಏನೂ ಗೊತ್ತಿರಲಿಲ್ಲ ಎಂಬುದನ್ನು ಇಪ್ಪತ್ತರ ಹುಡುಗನಿಗೆ ಮನವರಿಕೆ ಮಾಡಿಕೊಡುವುದಕ್ಕೆ ಒಂದಿಡೀ ವಾರದ ಪಾಠ ಬೇಕು.

ಧರ್ಮಸ್ಥಳದ ಪ್ರಕರಣದ ಬಗ್ಗೆ ಹೇಳದೆ ಇದ್ದರೆ ಓದುಗರು ನನ್ನನ್ನು ಪುಕ್ಕಲನೆನ್ನುತ್ತಾರೆ. 2025ರ ಜುಲೈಯಲ್ಲಿ ಮಾಜಿ ಸ್ವಚ್ಛತಾ ಕಾರ್ಮಿಕನೊಬ್ಬ ಹಲವು ಶವಗಳನ್ನು ಹೂತಿದ್ದೇನೆಂದು ದೂರು ಕೊಟ್ಟ. ಜುಲೈ 19ರಂದು ವಿಶೇಷ ತನಿಖಾ ತಂಡ ರಚನೆಯಾಯಿತು. ಬೆಂಗಳೂರಿನ ನ್ಯಾಯಾಲಯವೊಂದು ಸಾವಿರಾರು ಲಿಂಕುಗಳನ್ನು ತೆಗೆಯಲು ಆದೇಶಿಸಿತು, ಮಂಗಳೂರಿನ ಒಂದು ಯೂಟ್ಯೂಬ್ ಚಾನೆಲ್ ಹೋಗಿ ಕೇಳಿದ್ದಕ್ಕೆ ಹೈಕೋರ್ಟ್ ಆಗಸ್ಟ್ 1ರಂದು ಆ ಆದೇಶವನ್ನು ರದ್ದು ಮಾಡಿತು. ಆಗಸ್ಟ್ 23ರಂದು ದೂರುದಾರನೇ ಬಂಧಿತನಾದ. ಈ ಎರಡು ತಿಂಗಳಲ್ಲಿ ನಮ್ಮ ವಿದ್ಯಾರ್ಥಿಗಳು ನೋಡಿದಷ್ಟು ಸುದ್ದಿಯನ್ನು ಬಹುಶಃ ಹಿಂದಿನ ಯಾವ ತಲೆಮಾರೂ ನೋಡಿಲ್ಲ. ಆದರೆ ದೂರು ಎಂಬುದು ಒಬ್ಬನ ಮಾತು, ನ್ಯಾಯಾಧೀಶರ ಮುಂದೆ ಕೊಟ್ಟ ಹೇಳಿಕೆಯೂ ಅವನದೇ ಮಾತು, ಆದರೆ ಪ್ರಮಾಣದ ಭಾರ ಹೊತ್ತದ್ದು, ಮೂಳೆಯ ಬಗ್ಗೆ ವಿಧಿವಿಜ್ಞಾನ ಪ್ರಯೋಗಾಲಯ ಹೇಳುವುದು ಬೇರೆಯೇ ಜಾತಿಯ ಮಾತು ಎಂದು ಯಾವ ತರಗತಿಯಲ್ಲಿ ಹೇಳಿದರು? ಜುಲೈಯಲ್ಲಿ ಒಂದು ಪಾಳಯಕ್ಕೆ ದೂರೇ ತೀರ್ಪು, ಆಗಸ್ಟಿನಲ್ಲಿ ಇನ್ನೊಂದು ಪಾಳಯಕ್ಕೆ ಬಂಧನವೇ ತೀರ್ಪು. ಕೃತಕ ಬುದ್ಧಿಮತ್ತೆಯಿಂದ ಮಾಡಿದ ದೃಶ್ಯಗಳು ಹರಿದಾಡಿದವು ಎಂಬುದು ನಿಜ, ಆದರೆ ಹೆಚ್ಚು ಜನ ದಾರಿ ತಪ್ಪಿದ್ದು ಅಸಲಿ ದೃಶ್ಯಗಳಿಂದ.

ಇಲ್ಲಿಗೆ ಬಂದಾಗ ಆಡಳಿತ ಮಂಡಳಿಗಳು ಹೇಳುತ್ತವೆ: ಇವೆಲ್ಲ ರಾಜಕೀಯ, ವಿವಾದ, ತರಗತಿಗೆ ಬೇಡ. ಸರಿ, ವಿವಾದವಿಲ್ಲದ್ದರಿಂದಲೇ ಶುರುಮಾಡೋಣ. ಒಂದೇ ದಿನದ ಮಳೆಗೆ ಪಣಂಬೂರಿನ ಮಾಪನ ಕೇಂದ್ರದ ಲೆಕ್ಕ ಒಂದು, ಬಜ್ಪೆಯದ್ದು ಇನ್ನೊಂದು. ಎರಡೂ ನಿಜ ಹೇಗೆ? ತುಂಬೆ ಅಣೆಕಟ್ಟಿನಲ್ಲಿ ನೀರು ಎಷ್ಟಿದೆ ಎಂದು ಯಾರು ಅಳೆಯುತ್ತಾರೆ, ನೀರಿನ ರೇಷನಿಂಗ್ ಘೋಷಿಸುವವರು ಯಾರು? ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಪಾಲಿಕೆಯಿಂದ 30 ದಿನದಲ್ಲಿ ಉತ್ತರ ಪಡೆಯುವುದು ಹೇಗೆ? ಇದಕ್ಕೂ ವಿರೋಧವಿಲ್ಲವಾದರೆ ಇನ್ನೂ ಹತ್ತಿರ ಬರೋಣ. ಪಂಪ್‌ವೆಲ್‌ನಿಂದ ಕೊಟ್ಟಾರದವರೆಗೆ ಫಲಿತಾಂಶದ ಫ್ಲೆಕ್ಸುಗಳು, ಪತ್ರಿಕೆಗಳ ಮುಖಪುಟದ ಪೂರ್ಣ ಜಾಹೀರಾತುಗಳು: ಜಿಲ್ಲೆಗೆ ಪ್ರಥಮ, ರಾಜ್ಯಕ್ಕೆ ದ್ವಿತೀಯ, ನೀಟ್‌ನಲ್ಲಿ ಇಷ್ಟು ಸೀಟು. ಪ್ರಥಮ ಯಾವ ವಿಭಾಗದಲ್ಲಿ, ಪರೀಕ್ಷೆಗೆ ಕೂತವರೆಷ್ಟು, ಆ ರ‍್ಯಾಂಕಿನ ಹುಡುಗ ಎರಡು ವರ್ಷ ಇಲ್ಲಿ ಓದಿದನೋ ಕೊನೆಯ ಕ್ರ್ಯಾಶ್ ಕೋರ್ಸಿಗೆ ಬಂದನೋ? ಕೋಚಿಂಗ್ ಸಂಸ್ಥೆಗಳ ದಾರಿತಪ್ಪಿಸುವ ಜಾಹೀರಾತು ತಡೆಯಲೆಂದೇ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರಿನಲ್ಲಿ ಮಾರ್ಗಸೂಚಿ ಹೊರಡಿಸಬೇಕಾಯಿತು. ಮೂಲ ಪರಿಶೀಲನೆಯ ಮೊದಲ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದು ಕಷ್ಟ, ಕಾಲೇಜಿನ ಗೇಟಿನಲ್ಲೇ ತೂಗುತ್ತಿರುತ್ತದೆ. ಅದನ್ನು ತರಗತಿಗೆ ತರಲು ಒಪ್ಪುವ ಆಡಳಿತ ಮಂಡಳಿ ಯಾವುದಾದರೂ ಇದ್ದರೆ ಅವರಿಗೆ ನನ್ನ ನಮಸ್ಕಾರ. ಶಾರ್ಕಿನ ಮೇಲೆ ಇವರಿಗಿರುವ ಪ್ರೀತಿಯ ಗುಟ್ಟು ಇಲ್ಲಿದೆ: ಶಾರ್ಕ್ ಯಾರ ದಾಖಲಾತಿಗೂ ತೊಂದರೆ ಮಾಡುವುದಿಲ್ಲ.

ಪಠ್ಯದಲ್ಲಿ ಜಾಗವಿಲ್ಲ ಎಂಬ ನೆಪಕ್ಕೆ ಉತ್ತರ ತಲಪಾಡಿಯ ಗಡಿ ದಾಟಿದರೆ ಸಿಗುತ್ತದೆ. ಕೇರಳದ ಕಣ್ಣೂರಿನಲ್ಲಿ 2018ರಲ್ಲೇ ಜಿಲ್ಲಾಡಳಿತ ‘ಸತ್ಯಮೇವ ಜಯತೇ’ ಹೆಸರಿನಲ್ಲಿ ಸರಕಾರಿ ಶಾಲೆಗಳಿಗೆ ಈ ಪಾಠ ತಂದಿತು. 2024ರಲ್ಲಿ ಆ ರಾಜ್ಯ ಐದು ಮತ್ತು ಏಳನೇ ತರಗತಿಯ ಐಸಿಟಿ ಪಠ್ಯಕ್ಕೆ ಸುಳ್ಳು ಸುದ್ದಿ ಗುರುತಿಸುವ ಅಧ್ಯಾಯ ಸೇರಿಸಿತು. ಆ ಪಠ್ಯಗಳು ಕನ್ನಡದಲ್ಲೂ ಇವೆ. ಮಂಜೇಶ್ವರದ ಕನ್ನಡ ಮಾಧ್ಯಮದ ಮಗು ಓದುವುದನ್ನು, ಬಸ್ಸಿನಲ್ಲಿ ಅರ್ಧ ಮುಕ್ಕಾಲು ಗಂಟೆ ಈಚೆಗಿರುವ ಮಂಗಳೂರಿನ ಮಗು ಓದುವುದಿಲ್ಲ. ಕೇರಳದ್ದೂ ಕಂಪ್ಯೂಟರ್ ಪಾಠದೊಳಗೆ ಸೇರಿಕೊಂಡಿದೆ, ಅಲ್ಲೂ ಸಲಕರಣೆಯ ಮೋಹ ತಪ್ಪಿಲ್ಲ ಎಂಬುದು ನನ್ನ ಗುಮಾನಿ. ಈ ಪಾಠದ ಜಾಗ ಸಮಾಜ ವಿಜ್ಞಾನ ಮತ್ತು ಭಾಷೆಯ ತರಗತಿ. ಆದರೂ ಅವರು ಶುರುವಾದರೂ ಮಾಡಿದ್ದಾರೆ.

ನಮ್ಮ ಸರಕಾರಕ್ಕೆ ಹೊಳೆದದ್ದು ಜೈಲು. 2025ರ ಜೂನ್‌ನಲ್ಲಿ ಬೆಳಕಿಗೆ ಬಂದ ಸುಳ್ಳು ಸುದ್ದಿ ನಿಷೇಧ ಮಸೂದೆಯ ಕರಡಿನಲ್ಲಿ ಏಳು ವರ್ಷದವರೆಗೆ ಸೆರೆವಾಸವಿತ್ತು. ಸುಳ್ಳು ಯಾವುದೆಂದು ಸರಕಾರವೇ ತೀರ್ಮಾನಿಸುವ ಕೇಂದ್ರದ ನಿಯಮವನ್ನು ಬಾಂಬೆ ಹೈಕೋರ್ಟ್ 2024ರ ಸೆಪ್ಟೆಂಬರಿನಲ್ಲೇ ಹೊಡೆದುಹಾಕಿತ್ತು. ಕುಡುಪುವಿನ ವಿಷಯದಲ್ಲಿ ಈ ಕಾನೂನು ಮೊದಲು ಯಾರ ಮೇಲೆ ಬೀಳಬೇಕಿತ್ತು ಎಂದು ಕರಡು ಬರೆದವರು ಯೋಚಿಸಿದಂತಿಲ್ಲ.

ಉಳಿದದ್ದು ಶಿಕ್ಷಕರ ಮಾತು. ಈ ಪಾಠ ಮಾಡಬೇಕಾದವರು ಅವರೇ, ಮತ್ತು ಅವರು ಹೆದರಿದ್ದಾರೆ. ಹೆದರಿಕೆಗೆ ಕಾರಣವುಂಟು. 2024ರ ಫೆಬ್ರವರಿಯಲ್ಲಿ ಜೆಪ್ಪುವಿನ ಶಾಲೆಯೊಂದರ ಶಿಕ್ಷಕಿ ತರಗತಿಯಲ್ಲಿ ದೇವರನ್ನು ಅವಹೇಳನ ಮಾಡಿದರೆಂದು ಒಂದು ಧ್ವನಿ ಸಂದೇಶ ಊರೆಲ್ಲ ಹರಿದಾಡಿತು. ಶಾಲೆಯ ಮುಂದೆ ಪ್ರತಿಭಟನೆಯಾಯಿತು, ಶಾಸಕರು ಬಂದರು, ಶಿಕ್ಷಕಿಯನ್ನು ಕೆಲಸದಿಂದ ತೆಗೆದರು. ಸರಕಾರ ತನಿಖಾಧಿಕಾರಿಯನ್ನು ನೇಮಿಸಿದ್ದು ಅದಾದ ಮೇಲೆ. ತರಗತಿಯೊಳಗೆ ನಡೆದದ್ದೇನು ಎಂಬ ಬಗ್ಗೆ ನಾನಿಲ್ಲಿ ಒಂದು ಶಬ್ದವನ್ನೂ ಹೇಳುತ್ತಿಲ್ಲ. ಕ್ರಮವನ್ನಷ್ಟೇ ನೋಡಿ: ಮೊದಲು ಧ್ವನಿ ಸಂದೇಶ, ಆಮೇಲೆ ಶಿಕ್ಷೆ, ಕೊನೆಗೆ ವಿಚಾರಣೆ. ಆ ಶಾಲೆಯ ಮಕ್ಕಳು ಇದನ್ನು ಗೇಟಿನ ಒಳಗಿನಿಂದ ನೋಡಿದರು.

ಆದ್ದರಿಂದ ಮುಂದಿನ ಜುಲೈ 1ಕ್ಕೆ ಅತಿಥಿಯನ್ನು ಹುಡುಕುವ ಮೊದಲು ಶಿಕ್ಷಣ ಇಲಾಖೆ ಮತ್ತು ಆಡಳಿತ ಮಂಡಳಿಗಳು ಒಂದು ಸುತ್ತೋಲೆ ಹೊರಡಿಸಲಿ. ಪಾಠದ ಬಗ್ಗೆ ಯಾವ ಆರೋಪ ಬಂದರೂ ದೂರು ಬರಹದಲ್ಲಿರಬೇಕು, ಕೊಟ್ಟವರ ಹೆಸರಿರಬೇಕು, ಆ ದಿನ ತರಗತಿಯಲ್ಲಿದ್ದವರನ್ನು ಕೇಳಬೇಕು, ಶಿಕ್ಷಕರ ಉತ್ತರ ಪಡೆಯಬೇಕು, ಅಲ್ಲಿಯವರೆಗೆ ಯಾರನ್ನೂ ಕೆಲಸದಿಂದ ತೆಗೆಯಬಾರದು. ನಾಲ್ಕು ಸಾಲಿನ ಕಾಗದ. ಅದು ಬಂದ ಮೇಲೆ ಶಿಕ್ಷಕರಿಗೆ ಕುಡುಪುವಿನ ಎರಡು ಕಾಗದಗಳನ್ನು ಮಕ್ಕಳ ಮುಂದೆ ಇಡಿ ಎಂದು ಹೇಳುವ ಹಕ್ಕು ನಮಗೆ ಬರುತ್ತದೆ.